ತುಕ್ಕು ಹಿಡಿಯದ ಮೂರು ಸಾಲು

ಭಾವ ಮೈಗಳ್ಳ. ಇದನ್ನು ಸುತ್ತಿ ಬಳಸಿ ಹೇಳುವುದರಿಂದ ಯಾರಿಗೂ ಉಪಯೋಗವಿಲ್ಲ. ಐವತ್ತಮೂರು ವರ್ಷ, ಗಟ್ಟಿ ಕೈಕಾಲು, ಚುರುಕು ಕಣ್ಣು, ಒಂದು ದಿನ ಜ್ವರ ಬಂದು ಮಲಗಿದವನಲ್ಲ. ಆದರೂ ನೆಲಕ್ಕೆ ಬಿದ್ದ ವಸ್ತುವನ್ನು ಕಾಲ್ಬೆರಳಿನಿಂದ ಎಳೆದುಕೊಳ್ಳಲು ಸಾಧ್ಯವಿದ್ದರೆ ಅವನು ಬಗ್ಗುತ್ತಿರಲಿಲ್ಲ. ಮೂರನೆಯ ಮಹಡಿಯ ಮನೆಗೆ ಯಾರಾದರೂ ಬಂದರೆ ಕೆಳಗಿಳಿದು ಬಾಗಿಲು ತೆರೆಯುವ ಬದಲು ಬೀಗದ ಕೈಯನ್ನು ಬುಟ್ಟಿಯಲ್ಲಿಟ್ಟು ಹಗ್ಗದಿಂದ ಇಳಿಸುತ್ತಿದ್ದ. ದೀಪದ ಸ್ವಿಚ್ಚಿನಿಂದ ಮಂಚದವರೆಗೆ ದಾರ ಕಟ್ಟಿದ್ದ. ಷೂಸಿನ ಲೇಸು ಬಿಗಿಯಲು ಕೂತವನು ಅರ್ಧ ಗಂಟೆ ಅಲ್ಲೇ ಕೂತಿರುತ್ತಿದ್ದ. ಹೇಗೂ ಕೂತಾಗಿದೆಯಲ್ಲ ಎನ್ನುವುದು ಅವನ ವಾದ.

ಈ ತೀರ್ಪು ಅವನ ಹೆಂಡತಿಯ ತಂಗಿಯದು. ಹೆಂಡತಿಯ ತೀರ್ಪು ಇದಕ್ಕಿಂತ ಖಾರವಾಗಿತ್ತು, ಆದರೆ ಇಪ್ಪತ್ತೇಳು ವರ್ಷ ದಿನಕ್ಕೆರಡು ಸಲ ಹೇಳಿ ಹೇಳಿ ಅದರ ಮೊನೆ ಮೊಂಡಾಗಿತ್ತು.

ಅವನು ಮಾಡಿ ಬಿಟ್ಟ ಕೆಲಸಗಳಿಗೂ ಇದೇ ಕಥೆ. ಬಸ್ಸಿನಲ್ಲಿ ಟಿಕೆಟ್ ಕೊಡುವ ಕೆಲಸಕ್ಕೆ ಸೇರಿ, ಹಿಂದಿನ ಸೀಟಿನಲ್ಲಿ ಕೂತು, ಟಿಕೆಟನ್ನು ಪ್ರಯಾಣಿಕರೇ ಕೈಯಿಂದ ಕೈಗೆ ದಾಟಿಸಿಕೊಳ್ಳಲಿ ಎಂದು ಬಿಟ್ಟಿದ್ದ. ಎಂಟು ತಿಂಗಳಲ್ಲಿ ಮನೆಗೆ ಕಳಿಸಿದರು. ದೊಡ್ಡ ಕಚೇರಿಯೊಂದರಲ್ಲಿ ಲಿಫ್ಟ್ ನಡೆಸುವ ಕೆಲಸ ಮಾತ್ರ ಅವನಿಗೆಂದೇ ಹೇಳಿ ಮಾಡಿಸಿದಂತಿತ್ತು. ಹನ್ನೊಂದು ವರ್ಷ ಸ್ಟೂಲಿನ ಮೇಲೆ ಕೂತು ಒಂದೇ ಬೆರಳನ್ನು ದುಡಿಸಿದ. ಆಮೇಲೆ ಜನ ತಾವೇ ಗುಂಡಿ ಒತ್ತಿಕೊಳ್ಳುವ ಲಿಫ್ಟು ಬಂತು. ಆಗ ಅಕ್ಕನ ಮುಖ ನೋಡಲಾರದೆ ತಂಗಿ ತಾನು ಎಂಜಿನಿಯರಾಗಿದ್ದ ವಿದ್ಯುತ್ ಸ್ಥಾವರದಲ್ಲಿ ಅವನಿಗಾಗಿ ಒಂದು ಮಾತು ಹಾಕಿದಳು. ಕೊಳವೆ ಉಜ್ಜುವ ಕೆಲಸ ಸಿಕ್ಕಿತು. ಸಿಕ್ಕ ದಿನದಿಂದ ಅವಳಿಗೆ ಒಳಗೊಳಗೇ ಅಳುಕು.

ಆ ಸ್ಥಾವರಕ್ಕೆ ಕಲ್ಲಿದ್ದಲೂ ಬೇಡ, ಅಣೆಕಟ್ಟೂ ಬೇಡ. ಎರಡು ಕಿಲೋಮೀಟರ್ ಆಳದ ಬಾವಿಗಳಿಂದ, ಕುದಿಯುವ ನೀರಿಗಿಂತಲೂ ಬಿಸಿಯಾದ ಉಪ್ಪುನೀರು ಮೇಲೆ ಬರುತ್ತದೆ. ಅದನ್ನು ದೊಡ್ಡ ಉರುಳೆಯಾಕಾರದ ಪಾತ್ರೆಯೊಂದರಲ್ಲಿ ಜೋಡಿಸಿಟ್ಟ ಆರುನೂರಿಪ್ಪತ್ತನಾಲ್ಕು ಕೊಳವೆಗಳೊಳಗೆ ಹರಿಸುತ್ತಾರೆ. ಕೊಳವೆಗಳ ಹೊರಗೆ, ಬೇಗ ಆವಿಯಾಗುವ ಇನ್ನೊಂದು ದ್ರವ. ನೀರಿನ ಶಾಖ ಕೊಳವೆಯ ಗೋಡೆ ದಾಟಿ ಆ ದ್ರವವನ್ನು ಕುದಿಸುತ್ತದೆ, ಆ ಆವಿ ಟರ್ಬೈನನ್ನು ತಿರುಗಿಸುತ್ತದೆ. ಕಾಗದದಲ್ಲಿ ಆ ಪಾತ್ರೆಯ ಹೆಸರು ಶಾಖ ವಿನಿಮಯಕ. ಅಲ್ಲಿ ದುಡಿಯುವವರ ಬಾಯಲ್ಲಿ ಹಂಡೆ.

ಭೂಮಿಯ ಶಾಖ ಪುಕ್ಕಟೆ. ಆದರೆ ಆ ನೀರು ಒಂಟಿಯಾಗಿ ಬರುವುದಿಲ್ಲ. ಉಪ್ಪನ್ನೂ, ಕೊಳೆತ ಮೊಟ್ಟೆ ನಾರುವ ಅನಿಲವನ್ನೂ, ಕರಗಿದ ಮರಳಿನ ಅಂಶವನ್ನೂ ಜೊತೆಗೆ ತರುತ್ತದೆ. ಉಪ್ಪು ಮತ್ತು ಅನಿಲ ಉಕ್ಕನ್ನು ತಿನ್ನುತ್ತವೆ. ಮರಳಿನ ಅಂಶ ಕೊಳವೆಯೊಳಗೆ ಹಕ್ಕಳೆ ಕಟ್ಟಿ ಶಾಖ ದಾಟದಂತೆ ಮಾಡುತ್ತದೆ. ಟೈಟಾನಿಯಂ ಕೊಳವೆ ಹಾಕಿದರೆ ಮೂವತ್ತು ವರ್ಷ ಕೇಳುವಂತಿಲ್ಲ, ಆದರೆ ಅದರ ಬೆಲೆ ನೋಡಿದರೆ ಸ್ಥಾವರವನ್ನೇ ಕಟ್ಟುವುದು ಬೇಡ ಅನ್ನಿಸುತ್ತದೆ. ತಂಗಿ ಎಂಟು ವರ್ಷ ತಲೆ ಕೆಡಿಸಿಕೊಂಡು ಸಾಮಾನ್ಯ ಉಕ್ಕಿನಲ್ಲೇ ಹಂಡೆಯ ವಿನ್ಯಾಸ ಮಾಡಿದ್ದಳು. ಗೋಡೆ ತುಸು ದಪ್ಪ, ನೀರಿನ ವೇಗ ತುಸು ಕಡಿಮೆ, ಎರಡು ತಿಂಗಳಿಗೊಮ್ಮೆ ಹಂಡೆ ನಿಲ್ಲಿಸಿ ಪ್ರತಿಯೊಂದು ಕೊಳವೆಯನ್ನೂ ಉಕ್ಕಿನ ಬ್ರಷ್ಷಿನಿಂದ ಹೊಳೆಯುವಂತೆ ಉಜ್ಜುವುದು. ಹೀಗೆ ಮಾಡಿದರೆ ಹತ್ತು ವರ್ಷ ಬಾಳುತ್ತದೆ ಎಂದು ಸಹಿ ಹಾಕಿ ಕೊಟ್ಟಿದ್ದಳು.

ಹದಿನೆಂಟನೆಯ ತಿಂಗಳಿಗೆ ತಪಾಸಣೆ ನಡೆಯಿತು. ಗೋಡೆಯ ದಪ್ಪ ಅಳೆಯುವ ಕಡ್ಡಿಯನ್ನು ಒಂದೊಂದೇ ಕೊಳವೆಯೊಳಗೆ ತೂರಿಸಿ ಬರೆದುಕೊಂಡರು. ಎರಡು ಮಿಲಿಮೀಟರ್ ದಪ್ಪವಿದ್ದ ಗೋಡೆ ಹೆಚ್ಚಿನ ಕಡೆ ಒಂದೂಕಾಲಕ್ಕೆ ಇಳಿದಿತ್ತು. ಇನ್ನೊಂದೆರಡು ವರ್ಷ ಕಳೆದರೆ ಹಂಡೆ ಜರಡಿ. ಸ್ಥಾವರದ ಮುಖ್ಯಸ್ಥ ಅವಳನ್ನು ಕರೆದು, ದನಿ ಎತ್ತದೆ, ತಿಂಗಳ ಕೊನೆಯವರೆಗೆ ಸಮಯ ಕೊಡುತ್ತೇನೆ ಎಂದ. ಅಷ್ಟರೊಳಗೆ ಕಾರಣವೂ ಪರಿಹಾರವೂ ಸಿಗದಿದ್ದರೆ ಟೈಟಾನಿಯಂಗೆ ಬರೆಯುವುದು, ಆ ಖರ್ಚಿಗಾಗಿ, ಮುಂದೆ ಕಟ್ಟಬೇಕೆಂದಿದ್ದ ಎರಡನೆಯ ಹಂಡೆಯನ್ನು ಕೈಬಿಡುವುದು, ಅವಳ ವಿನ್ಯಾಸವನ್ನು ಕಟ್ಟಿ ಅಟ್ಟಕ್ಕೆ ಹಾಕುವುದು.

ತಂಗಿ ಅಳುವ ಪೈಕಿ ಅಲ್ಲ. ತಪಾಸಣೆಯ ಅಂಕಿಗಳನ್ನು ದೊಡ್ಡ ಹಾಳೆಯ ಮೇಲೆ ಚುಕ್ಕೆಗಳಾಗಿ ಹಾಕಿದಳು: ಸವೆದ ಕೊಳವೆಗೆ ಕೆಂಪು, ಸವೆಯದ್ದಕ್ಕೆ ಹಸಿರು. ಹಾಳೆ ಪೂರ್ತಿ ಕೆಂಪಾಯಿತು. ಆದರೆ ಕೆಳಗಡೆ, ಎಡಕ್ಕೆ, ಮೂರು ಸಾಲಿನಲ್ಲಿ ಐವತ್ತನಾಲ್ಕು ಚುಕ್ಕೆ ಹಸಿರಾಗಿ ಉಳಿದವು. ಅವುಗಳ ಗೋಡೆ ಹೆಚ್ಚುಕಡಿಮೆ ಹೊಸದರಂತೆಯೇ ಇತ್ತು.

ಆ ಕ್ಷಣದಿಂದ ಅವಳಿಗೆ ಗಡುವು ಮರೆತುಹೋಯಿತು ಎಂದರೆ ಸುಳ್ಳಾಗುತ್ತದೆ. ಹಿಂದಕ್ಕೆ ಸರಿಯಿತು ಎನ್ನಬಹುದು. ಈ ಐವತ್ತನಾಲ್ಕಕ್ಕೆ ಏನಾಗಿದೆ? ಮೊದಲು ಉಕ್ಕಿನ ಮೇಲೆ ಅನುಮಾನ ಬಂತು. ಕಾರ್ಖಾನೆಯ ಕಾಗದ ತೆಗೆಸಿದಳು. ಆರುನೂರಿಪ್ಪತ್ತನಾಲ್ಕೂ ಒಂದೇ ಎರಕದವು. ಕೆಳಗಡೆ ನೀರು ತಣ್ಣಗಿರಬಹುದು ಎಂದುಕೊಂಡಳು. ಅಳೆದರೆ ಕಾಲು ಡಿಗ್ರಿಯ ವ್ಯತ್ಯಾಸವೂ ಇಲ್ಲ. ಒಂದು ಕೆಂಪು ಕೊಳವೆಯನ್ನೂ ಒಂದು ಹಸಿರು ಕೊಳವೆಯನ್ನೂ ಕತ್ತರಿಸಿ ತೆಗೆಸಿ, ಉದ್ದಕ್ಕೆ ಸೀಳಿಸಿ, ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಕೆಂಪಿನದರ ಒಳಮೈ ಹುಳ ತಿಂದ ಮರದಂತೆ ಗುಳಿಗುಳಿಯಾಗಿತ್ತು. ಹಸಿರಿನದರ ಒಳಗೆ ಕಾಗದದಷ್ಟು ತೆಳ್ಳನೆಯ ಬೂದುಬಣ್ಣದ ಪದರ, ಮಣ್ಣಿನ ಪಾತ್ರೆಗೆ ಹಚ್ಚಿ ಸುಟ್ಟ ಹೊಳಪಿನಂತೆ, ಎಲ್ಲೂ ಬಿರುಕಿಲ್ಲದೆ ಅಂಟಿಕೊಂಡಿತ್ತು. ಅದರ ಅಡಿಯಲ್ಲಿ ಉಕ್ಕು ಸುಖವಾಗಿ ಕೂತಿತ್ತು.

ಶತ್ರು ಎಂದುಕೊಂಡಿದ್ದ ಹಕ್ಕಳೆಯೇ ಕಾವಲು ಕಾಯುತ್ತಿತ್ತು. ದಪ್ಪವಾದರೆ ಶಾಖ ತಡೆಯುತ್ತದೆ, ನಿಜ. ಆದರೆ ತಳದ ಈ ತೆಳು ಪದರ ಇದ್ದರೆ ಉಪ್ಪುನೀರಿಗೆ ಉಕ್ಕು ಸಿಗುವುದಿಲ್ಲ. ಉಳಿದ ಕೊಳವೆಗಳಲ್ಲಿ ಎರಡು ತಿಂಗಳಿಗೊಮ್ಮೆ ಅದನ್ನು ಕೆರೆದು ಬರಿಮೈ ಮಾಡಿ, ತಿನ್ನು ಎಂದು ನೀರಿನ ಬಾಯಿಗೆ ಕೊಟ್ಟಂತಾಗಿತ್ತು. ಇಷ್ಟು ತಿಳಿಯಿತು. ಪದರ ಈ ಮೂರು ಸಾಲಿನಲ್ಲಿ ಮಾತ್ರ ಯಾಕೆ ಉಳಿಯಿತು ಎನ್ನುವುದು ತಿಳಿಯಲಿಲ್ಲ. ಅದು ತಿಳಿಯದಿದ್ದರೆ ಮುಖ್ಯಸ್ಥ ಇದನ್ನು ಅದೃಷ್ಟ ಎನ್ನುತ್ತಾನೆ, ಮತ್ತು ಅದೃಷ್ಟದ ಮೇಲೆ ಯಾರೂ ಎರಡನೆಯ ಹಂಡೆ ಕಟ್ಟುವುದಿಲ್ಲ.

ಅವಳು ಮತ್ತೆ ಹಾಳೆ ನೋಡಿದಳು. ಎಡಗಡೆಯ ಹಸಿರು ಚುಕ್ಕೆಗಳ ಸಾಲು ಹಂಡೆಯ ನಟ್ಟನಡುವಿಗೆ ಬಂದು, ಗೆರೆ ಎಳೆದಂತೆ ನಿಂತುಹೋಗಿತ್ತು. ಉಪ್ಪುನೀರಿಗೆ ಎಡ ಬಲ ಗೊತ್ತಿಲ್ಲ. ಎಡ ಬಲ ಗೊತ್ತಿರುವುದು ಮನುಷ್ಯರಿಗೆ.

ಹಂಡೆಯ ಬಲಭಾಗವನ್ನು ಉಜ್ಜುತ್ತಿದ್ದವನನ್ನು ಎಲ್ಲರೂ ಪೈಲ್ವಾನ್ ಎನ್ನುತ್ತಿದ್ದರು. ಹೆಸರಿಗೆ ತಕ್ಕ ತೋಳು, ತೋಳಿಗೆ ತಕ್ಕ ಅಭಿಮಾನ. ಕೊಳವೆಯೊಳಗೆ ದೀಪ ಬಿಟ್ಟರೆ ಕನ್ನಡಿಯಂತೆ ಹೊಳೆಯಬೇಕು ಎನ್ನುವವನು. ಎಡಭಾಗ ಉಜ್ಜುತ್ತಿದ್ದವನು ಭಾವ.

ಅವಳು ಮರುದಿನವೇ ಭಾವನನ್ನು ಹಂಡೆಯ ಮುಂದೆ ನಿಲ್ಲಿಸಿ, ಪ್ರತಿ ಸಲ ಹೇಗೆ ಮಾಡುತ್ತೀರೋ ಹಾಗೇ ಮಾಡಿ ತೋರಿಸಿ ಎಂದಳು. ಅವನು ಸರಳಿಗೆ ಹೊಸ ಬ್ರಷ್ ತಿರುಗಿಸಿ ಕೂರಿಸಿ, ಮಂಡಿಯೂರಿ, ಬೆವರು ಸುರಿಸಿ, ಮಾದರಿ ಕಾರ್ಮಿಕನಂತೆ ಉಜ್ಜಿದ. ನಡುವೆ ಒಂದು ಸಲ, “ಸಾಕಾ ಮೇಡಂ?” ಎಂದು ಕೇಳಿದ. ಕೆಲಸದ ಜಾಗದಲ್ಲಿ ಅವಳನ್ನು ಮೇಡಂ ಎನ್ನುವುದು ಅವನ ತಮಾಷೆ. ಅವನು ಉಜ್ಜಿ ಮುಗಿಸಿದ ಕೊಳವೆಯಲ್ಲಿ ಪದರದ ಗುರುತೇ ಇರಲಿಲ್ಲ. ತಾನು ನೋಡುತ್ತಿರುವಷ್ಟು ಹೊತ್ತು ಸತ್ಯ ಹೊರಬರುವುದಿಲ್ಲ ಎಂದು ಅವಳಿಗೆ ಆಗ ಹೊಳೆಯಿತು.

ಸತ್ಯ ಹೊರಬಿದ್ದದ್ದು ಅಕ್ಕನ ಅಡುಗೆಮನೆಯಲ್ಲಿ. ಭಾನುವಾರ ಮಧ್ಯಾಹ್ನ ಊಟಕ್ಕೆ ಹೋಗಿದ್ದಾಗ ಅಕ್ಕ ಸಿಂಕಿನ ಮುಂದೆ ನಿಂತು ಎಣ್ಣೆಯ ಸೀಸೆ ತೊಳೆಯುತ್ತಿದ್ದಳು. ಹಳೆಯ ಚಮಚದ ಹಿಡಿಗೆ ಕಟ್ಟಿದ, ಹೆಬ್ಬೆರಳುದ್ದದ ಬ್ರಷ್ಷೊಂದನ್ನು ಸೀಸೆಯೊಳಗೆ ಆಡಿಸುತ್ತಿದ್ದಳು. ಉಕ್ಕಿನ ಎಳೆಗಳೆಲ್ಲ ಸವೆದು, ಬಾಗಿ, ಮಲಗಿಬಿಟ್ಟಿದ್ದವು. ಕಿಟಕಿಯ ಕಟ್ಟೆಯ ಮೇಲೆ ಅಂಥವೇ ಇನ್ನೂ ಏಳೆಂಟು.

“ಇದೆಲ್ಲಿಂದ ಬಂತೇ ಅಕ್ಕ?”

“ಇವರ ಪ್ಯಾಂಟಿನ ಜೇಬಿಂದ. ಒಗೆಯೋಕೆ ಹಾಕಿದಾಗೆಲ್ಲ ಎರಡೋ ಮೂರೋ ಸಿಗುತ್ತೆ. ಬೋಳಾಗಿದೆಯಲ್ಲ, ಸೀಸೆ ಗೀಚಲ್ಲ. ಮೇಲಿನ ಜಿಡ್ಡು ಮಾತ್ರ ಎತ್ತುತ್ತೆ. ನಿನಗೂ ಬೇಕಾ ಒಂದು?”

ತಂಗಿ ಒಂದನ್ನು ಕೈಗೆ ತೆಗೆದುಕೊಂಡು ಅಂಗೈಗೆ ಉಜ್ಜಿ ನೋಡಿದಳು. ನಿಯಮದ ಪ್ರಕಾರ ಎಂಬತ್ತು ಕೊಳವೆ ಉಜ್ಜಿದ ಮೇಲೆ ಬ್ರಷ್ಷನ್ನು ಎಸೆಯಬೇಕು, ಹೊಸದನ್ನು ಹಾಕಬೇಕು. ಪೈಲ್ವಾನ್ ಎಪ್ಪತ್ತಕ್ಕೇ ಎಸೆಯುತ್ತಿದ್ದ.

ಒಳಕೋಣೆಯಲ್ಲಿ ಭಾವ ಮುಖದ ಮೇಲೆ ಪತ್ರಿಕೆ ಹೊದ್ದು ಮಲಗಿದ್ದ.

“ಭಾವ, ಕೆಳಗಿನ ಮೂರು ಸಾಲನ್ನ ಯಾವ ಬ್ರಷ್‌ನಲ್ಲಿ ಉಜ್ಜುತ್ತೀರಿ?”

ಪತ್ರಿಕೆ ಅಲುಗಲಿಲ್ಲ. “ಕೊಟ್ಟಿದ್ದರಲ್ಲಿ.”

“ಯಾವತ್ತು ಕೊಟ್ಟಿದ್ದರಲ್ಲಿ?”

ಪತ್ರಿಕೆ ಮೂಗಿನವರೆಗೆ ಇಳಿಯಿತು. ಅವಳ ಕೈಯಲ್ಲಿದ್ದ ಬ್ರಷ್ ನೋಡಿ ಅವನು ಅಡುಗೆಮನೆಯ ಕಡೆಗೊಮ್ಮೆ ಕಣ್ಣು ಹಾಯಿಸಿದ. ಮನೆಯೊಳಗೇ ಸಾಕ್ಷಿ ಇಟ್ಟುಕೊಂಡಿದ್ದೇನೆ ಎಂದು ಅವನಿಗೆ ಅನ್ನಿಸಿರಬೇಕು.

ಆಮೇಲೆ ಹೇಳಿದ. ಮೇಲಿನ ಸಾಲುಗಳನ್ನು ನಿಂತು ಉಜ್ಜಬಹುದು, ಅದಕ್ಕೆ ಅವನ ತಕರಾರಿಲ್ಲ. ಕೆಳಗಿನ ಮೂರಕ್ಕೆ ಒದ್ದೆ ಸಿಮೆಂಟಿನ ಮೇಲೆ ಹೊಟ್ಟೆ ಹಚ್ಚಿ ಮಲಗಬೇಕು. ಹೊಸ ಬ್ರಷ್ ಬಿಗಿಯಾಗಿ ಹಿಡಿಯುತ್ತದೆ, ಮೈಯೆಲ್ಲ ಕೊಟ್ಟು ತಳ್ಳಬೇಕು. ಬೋಳು ಬ್ರಷ್ ಹಾಗಲ್ಲ, ಸಲೀಸಾಗಿ ಜಾರುತ್ತದೆ. “ಬಕೆಟ್ ಬೋರಲು ಹಾಕ್ಕೊಂಡು ಅದರ ಮೇಲೆ ಕೂತು, ಸರಳನ್ನ ಕಾಲಲ್ಲೇ ತಳ್ಳಬಹುದಮ್ಮ.”

“ಕಾಲಲ್ಲಿ?”

“ಷೂಸ್ ಹಾಕಿರ್ತೀನಲ್ಲ.”

ಅಡುಗೆಮನೆಯಿಂದ ಅಕ್ಕನ ದನಿ ಬಂತು: “ಕೈಗೆ ನೋವಾದೀತು ಅಂತ. ಮದುವೇಲಿ ನನ್ನ ಕೈ ಹಿಡಿದಿದ್ದೇ ದೊಡ್ಡದು.”

ತಂಗಿ ಮಂಚದ ಅಂಚಿನಲ್ಲಿ ಕೂತಳು. ನಗಬೇಕೋ ಬೈಯಬೇಕೋ ಅವಳಿಗೆ ತಿಳಿಯಲಿಲ್ಲ. ಎಂಟು ವರ್ಷ ಅವಳು ಹುಡುಕಿದ್ದನ್ನು ಈ ಮನುಷ್ಯ ಬಕೆಟಿನ ಮೇಲೆ ಕೂತು ಕಾಲಿನಿಂದ ಮಾಡಿಬಿಟ್ಟಿದ್ದ. ಮೇಲಿನ ಸಡಿಲ ಹಕ್ಕಳೆಯನ್ನು ಎತ್ತಬೇಕು, ತಳದ ಪದರವನ್ನು ಮುಟ್ಟಬಾರದು. ಅದಕ್ಕೆ ಬೇಕಾದದ್ದು ಮೆತ್ತನೆಯ ಬ್ರಷ್ ಮತ್ತು ಮನಸ್ಸಿಲ್ಲದ ಕೈ. ಕೈಯೂ ಅಲ್ಲ.

ಆದರೆ ಅವಳಿಗೆ ಇನ್ನೊಂದು ಬೇಕಿತ್ತು. ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಹಂಡೆ ಉಜ್ಜಿದ್ದಾರೆ. ಒಂಬತ್ತೂ ಸಲ ಅವನು ಇದನ್ನೇ ಮಾಡಿದ್ದರೆ ಅದು ಪ್ರಯೋಗ. ನಡುವೆ ಎರಡು ಸಲ ಮನಸ್ಸು ಬದಲಿಸಿ ಚೆನ್ನಾಗಿ ಉಜ್ಜಿದ್ದರೆ ಬರೀ ಗೊಂದಲ. ಅದನ್ನು ಅವನೇ ಮುಖ್ಯಸ್ಥನ ಮುಂದೆ ಹೇಳಬೇಕು.

“ನನ್ನ ಬಾಯಲ್ಲೇ ನನ್ನ ಕಳ್ಳತನ ಹೇಳಿಸ್ತೀಯ,” ಎಂದ ಭಾವ. “ಹೇಳಿದ ದಿನ ನಾನು ಮನೆಗೆ.”

“ಹೇಳದೇ ಇದ್ರೆ ನಾನು ಮನೆಗೆ. ಎರಡನೇ ಹಂಡೆ ಬರಲ್ಲ, ಆಮೇಲೆ ಉಜ್ಜೋಕೂ ಯಾರೂ ಬೇಕಾಗಲ್ಲ.”

ಅವನು ಪತ್ರಿಕೆಯನ್ನು ಎದೆಯ ಮೇಲೆ ಬಿಟ್ಟ. ನಂತರ, ಮುಖ್ಯಸ್ಥನ ಕೋಣೆ ಯಾವ ಮಹಡಿಯಲ್ಲಿದೆ ಎಂದು ಕೇಳಿದ. ಎರಡನೆಯದು ಎಂದಾಗ ನಿಟ್ಟುಸಿರು ಬಿಟ್ಟ.

ಮೂರು ದಿನದ ಮೇಲೆ ಅವನು ಆ ಕೋಣೆಯಲ್ಲಿ, ಕೂರಲು ಹೇಳುವ ಮೊದಲೇ, ಕೂತಿದ್ದ. ಮೇಜಿನ ಮೇಲೆ ಸೀಳಿದ ಎರಡು ಕೊಳವೆ, ಬೋಳು ಬ್ರಷ್, ಹಸಿರು ಕೆಂಪಿನ ಹಾಳೆ. ತಂಗಿ ತನ್ನ ಭಾಗ ಹೇಳಿ ಮುಗಿಸಿದಳು. ಮುಖ್ಯಸ್ಥ ಕೊಳವೆಯ ಬೂದು ಪದರವನ್ನು ಉಗುರಿನಿಂದ ಕೆರೆದು ನೋಡಿದ, ಅದು ಏಳಲಿಲ್ಲ. ಅವನ ಮುಖ ತುಸು ಸಡಿಲಾಯಿತು. ಭಾವನ ಕಡೆ ತಿರುಗಿ, ಹೊರಬರಲು ಒಂದು ಒಳ್ಳೆಯ ಬಾಗಿಲನ್ನೇ ತೆರೆದುಕೊಟ್ಟ:

“ಅಂದ್ರೆ, ಪದರ ಉಳಿಸಿದ್ರೆ ಒಳ್ಳೇದು ಅಂತ ನಿಮಗೆ ಮೊದಲೇ ಗೊತ್ತಾಗಿತ್ತು?”

ಅಪಾಯ ತಂಗಿಗೆ ತಕ್ಷಣ ಕಂಡಿತು. ಹೂಂ ಎಂದರೆ ಅವನಿಗೆ ಹಾರ. ಆದರೆ ಹೂಂ ಎಂದರೆ, ಪದರ ಚೆನ್ನಾಗಿ ಕಟ್ಟಿದ ಕೊಳವೆಗಳನ್ನೇ ಅವನು ನೋಡಿ ಆರಿಸಿಕೊಂಡ ಎಂದಾಗುತ್ತದೆ; ಆಗ ಹಸಿರು ಚುಕ್ಕೆಗಳು ಏನನ್ನೂ ಸಾಬೀತು ಮಾಡುವುದಿಲ್ಲ.

“ಇಲ್ಲ ಸಾರ್,” ಎಂದ ಭಾವ. “ಬಗ್ಗೋಕೆ ಬೇಜಾರು.”

“ಒಂಬತ್ತೂ ಸಲ?”

“ಅದೊಂದನ್ನ ಮಾತ್ರ ನಾನು ಯಾವತ್ತೂ ತಪ್ಪಿಸಿಲ್ಲ ಸಾರ್.”

ಮುಖ್ಯಸ್ಥ ನಗು ತಡೆಯಲು ಹಾಳೆಯನ್ನು ಎತ್ತಿ ಮುಖಕ್ಕೆ ಹಿಡಿದುಕೊಂಡ. ಹೊರಗೆ ಬಂದ ಮೇಲೂ ತಂಗಿಗೆ ಭಾವನ ಮೇಲೆ ವಿಶೇಷ ಗೌರವವೇನೂ ಹುಟ್ಟಲಿಲ್ಲ. ಸುಳ್ಳು ಕಟ್ಟುವುದಕ್ಕೂ ಕಟ್ಟಿದ್ದನ್ನು ನೆನಪಿಟ್ಟುಕೊಳ್ಳುವುದಕ್ಕೂ ಶ್ರಮ ಬೇಕು. ಅವನು ಅದನ್ನೂ ಉಳಿಸಿಕೊಂಡ ಎಂದಷ್ಟೇ ಅಂದುಕೊಂಡಳು.

ಭಾವನಿಗೆ ಎಚ್ಚರಿಕೆಯ ಪತ್ರ ಸಿಕ್ಕಿತು. ತಂಗಿಗೆ ಆರು ತಿಂಗಳು ಸಿಕ್ಕಿತು. ಅದೇ ಉಕ್ಕಿನ ಹೊಸ ಕೊಳವೆಗಳನ್ನು ಹಾಕಿ ಪರೀಕ್ಷೆ ನಡೆಸುವುದು. ತಿಂಗಳಿಗೊಮ್ಮೆ ಉಜ್ಜಿ ಅಳೆಯುವುದು. ಎಡಭಾಗಕ್ಕೆ ಮೆತ್ತನೆಯ ಬ್ರಷ್, ಬಲಭಾಗಕ್ಕೆ ಮೊದಲಿನಂತೆ ಉಕ್ಕಿನದು. ಎರಡರ ನಡುವೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಬಂದರೆ ಅವಳ ಅಗ್ಗದ ಹಂಡೆ ಉಳಿಯುತ್ತದೆ. ಬರದಿದ್ದರೆ ಟೈಟಾನಿಯಂ.

ಎಡಭಾಗ ಭಾವನಿಗೇ ಹೋಯಿತು, ಬಲಭಾಗ ಪೈಲ್ವಾನನಿಗೆ. ಪೈಲ್ವಾನ್ ಒಂದೇ ಒಂದು ಸಲ ಅವಳನ್ನು ತಡೆದು ನಿಲ್ಲಿಸಿ, “ಚೆನ್ನಾಗಿ ಉಜ್ಜಿದ್ದೇ ತಪ್ಪಾಯ್ತಾ ಮೇಡಂ?” ಎಂದು ಕೇಳಿದ. ತಪ್ಪು ನಿನ್ನದಲ್ಲ, ಉಜ್ಜು ಎಂದು ಬರೆದುಕೊಟ್ಟ ನನ್ನದು ಎಂದಳು. ಅವನು ತಲೆಯಾಡಿಸಿದ. ಒಪ್ಪಿದಂತೆ ಕಾಣಲಿಲ್ಲ. ಊಟದ ಹೊತ್ತಿನಲ್ಲಿ ಇತರರು ಅವನನ್ನು ಕಿಚಾಯಿಸುತ್ತಿದ್ದರು. ಇಡೀ ಸ್ಥಾವರದಲ್ಲಿ ದುಡಿದು ಹಂಡೆ ಹಾಳು ಮಾಡಿದವನು ಅವನೊಬ್ಬನೇ ಅಂತ.

ಮೊದಲ ತಿಂಗಳ ಅಳತೆಯಲ್ಲಿ ಬಲಭಾಗ ಸವೆಯತೊಡಗಿತ್ತು. ಎರಡನೆಯ ತಿಂಗಳು ಬಲಭಾಗದ ಸವೆತವೂ ಎಡಭಾಗದಂತೆಯೇ ನಿಂತುಬಿಟ್ಟಿತು. ಮುಖ್ಯಸ್ಥ ಹುಬ್ಬು ಏರಿಸಿದ. ತಂಗಿ ಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿದಳು, ಅನಿಲ ಅಳೆಸಿದಳು, ಅಳತೆಯ ಕಡ್ಡಿಯನ್ನೇ ಬದಲಾಯಿಸಿದಳು. ಎಲ್ಲ ಮೊದಲಿನಂತೆಯೇ ಇತ್ತು. ಊಟ ಸೇರದೆ ಓಡಾಡಿದಳು. ಮೂರನೆಯ ತಿಂಗಳು, ಯಾರೂ ಏನೂ ಮಾಡದೆ, ಬಲಭಾಗ ಮತ್ತೆ ಸವೆಯತೊಡಗಿತು. ನಾಲ್ಕನೆಯ ತಿಂಗಳು ಇನ್ನಷ್ಟು. ಎಡಭಾಗ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಮುಖ್ಯಸ್ಥ ಟೈಟಾನಿಯಂನ ಕಡತವನ್ನು ಮುಚ್ಚಿ ಪಕ್ಕಕ್ಕಿಟ್ಟ. ಎಲ್ಲರೂ ಸಂತೋಷಪಟ್ಟರು. ತಂಗಿಯೂ ಪಟ್ಟಳು, ಆದರೆ ಆ ಎರಡನೆಯ ತಿಂಗಳು ಅವಳ ತಲೆಯಲ್ಲಿ ಕಲ್ಲಿನಂತೆ ಕೂತುಬಿಟ್ಟಿತು. ಗೆದ್ದ ಲೆಕ್ಕದಲ್ಲೂ ಅರ್ಥವಾಗದ ಅಂಕಿ ಅರ್ಥವಾಗದ ಅಂಕಿಯೇ.

ಐದನೆಯ ಸಲ ಹಂಡೆ ನಿಲ್ಲಿಸಿದ್ದಾಗ ಅವಳು ಅದನ್ನೇ ಯೋಚಿಸುತ್ತ ಭಾನುವಾರ ಬೆಳಿಗ್ಗೆ ಸ್ಥಾವರಕ್ಕೆ ಬಂದಳು. ಉಜ್ಜುವವರಿಗೆ ಅಂದು ರಜೆ. ಪೈಲ್ವಾನ್ ಹಿಂದಿನ ದಿನವೇ ತನ್ನ ಭಾಗ ಮುಗಿಸಿ ಪುಸ್ತಕದಲ್ಲಿ ಸಹಿ ಹಾಕಿ ಹೋಗಿದ್ದ. ಬೆಳ್ಳಿ ಹೊದಿಕೆಯ ಪೈಪುಗಳು ತಣ್ಣಗಾಗಿದ್ದವು, ನೆಲದ ಮೇಲೆ ಉಪ್ಪು ಬೆಳ್ಳಗೆ ಒಣಗಿತ್ತು. ಹಂಡೆಯ ಕಡೆಯಿಂದ ಕರ್‍ ಕರ್‍ ಎಂದು ಉಕ್ಕು ಉಕ್ಕನ್ನು ಕೆರೆಯುವ ಸದ್ದು ಬರುತ್ತಿತ್ತು.

ಭಾವ ಬಲಭಾಗದ ಮುಂದೆ, ಒದ್ದೆ ಸಿಮೆಂಟಿನ ಮೇಲೆ, ಹೊಟ್ಟೆ ಹಚ್ಚಿ ಮಲಗಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಸರಳನ್ನು ಎರಡೂ ಕೈಯಿಂದ ಹಿಡಿದು, ಭುಜ ಕೊಟ್ಟು, ಕೆಳಗಿನ ಸಾಲಿನ ಕೊಳವೆಯೊಳಗೆ ತಳ್ಳುತ್ತಿದ್ದ. ಹೊರಗೆಳೆದು ಮತ್ತೆ ತಳ್ಳುತ್ತಿದ್ದ. ಮೇಲಿನ ಸಾಲುಗಳೆಲ್ಲ ಆಗಲೇ ಉಜ್ಜಿ ಹೊಳೆಯುತ್ತಿದ್ದವು.

“ಭಾವ, ಇದು ನಿಮ್ಮ ಕಡೆ ಅಲ್ಲ.”

“ಗೊತ್ತು.” ಅವನು ತಲೆ ಎತ್ತಲಿಲ್ಲ. ಉಸಿರು ಸಿಕ್ಕ ಮೇಲೆ ಹೇಳಿದ: “ಪೈಲ್ವಾನನ ಕೈ ಹಗುರ ಆಗಿದೆ. ಎರಡನೇ ಸಲಾನೇ ಸದ್ದಲ್ಲಿ ಗೊತ್ತಾಯ್ತು. ಮೈಗಳ್ಳತನದ ಸದ್ದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪಾಪ, ಸೋಲೋದಕ್ಕೆ ಯಾರು ಮೈ ಬಗ್ಗಿಸ್ತಾರೆ.”

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೂರನೆಯ ತಿಂಗಳು, ನಾಲ್ಕನೆಯದು, ಈಗ ಐದನೆಯದು. ಪ್ರತಿ ಸಲವೂ ಬಲಭಾಗದಲ್ಲಿ ಮುನ್ನೂರ ಹನ್ನೆರಡು ಕೊಳವೆ.

“ನನಗೆ ಹೇಳಬಹುದಿತ್ತಲ್ಲ.”

“ಹೇಳಿದ್ರೆ ನೀನು ಬರ್ಕೊಳ್ತಿದ್ದೆ. ಅವನಿಗೆ ಹೆಣ್ಮಕ್ಕಳಿದ್ದಾರೆ, ಕೆಲಸ ಹೋದ್ರೆ ಕಷ್ಟ.” ಅವನು ಸರಳನ್ನು ಹೊರಗೆಳೆದು, ಬ್ರಷ್ಷಿನ ಮೇಲಿನ ಪುಡಿ ಒರೆಸಿ, ಮೊಣಕೈಯ ಮೇಲೆ ಮುಂದಿನ ಕೊಳವೆಯ ಕಡೆಗೆ ತೆವಳಿದ. “ಬೆಳಕಿಗೆ ಅಡ್ಡ ನಿಂತಿದ್ದೀಯಮ್ಮ. ಸ್ವಲ್ಪ ಆಚೆ ಸರಿ.”

ಅವಳು ಸರಿದಳು. ಅವನು ಕಣ್ಣು ಕಿರಿದು ಮಾಡಿ ಕೊಳವೆಯ ಬಾಯಿ ನೋಡಿಕೊಂಡು ಮತ್ತೆ ತಳ್ಳತೊಡಗಿದ.